ಹನ್ನೊಂದು ಜೇಬಿನ ಚೀಲ

ಆ ಚೀಲವನ್ನು ಹೊಲಿದವಳು ನಾನೇ. ಬೇರೆ ಯಾರಾದರೂ ಬಾಯಿಬಿಡಿಸುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ. ಬೂದು ಬಣ್ಣದ ದಪ್ಪ ಬಟ್ಟೆ, ಎರಡು ಜಿಪ್ಪು, ಸೊಂಟಕ್ಕೆ ಬಿಗಿದುಕೊಳ್ಳಲು ಅಗಲವಾದ ಪಟ್ಟಿ, ಒಳಗೆ ಸಾಲಾಗಿ ಹನ್ನೊಂದು ಜೇಬು. ಹನ್ನೆರಡಲ್ಲ, ಹನ್ನೊಂದು. ಅದರ ಹೊಲಿಗೆಯಲ್ಲಿ ಯಾರಾದರೂ ಒಂದು ತಪ್ಪು ತೋರಿಸಿದರೆ ಈ ಕಸುಬನ್ನೇ ಬಿಟ್ಟುಬಿಡುತ್ತೇನೆ. ಆದರೆ ಈಗ ಅದರ ಹೆಸರೆತ್ತಿದರೂ ನನಗಾಗದು.

ನನ್ನದು ಬ್ಯಾಗ್ ರಿಪೇರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಕಿತ್ತುಹೋದ ಜಿಪ್ಪು, ಹರಿದ ಹಿಡಿ, ಚಕ್ರ ಕಳಚಿದ ಸೂಟ್‌ಕೇಸು, ಏನು ತಂದರೂ ಸರಿಮಾಡಿ ಕೊಡುತ್ತೇನೆ. ಕೊರಳಲ್ಲೊಂದು ದಾರ, ಅದರ ತುದಿಗೆ ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿ ಸದಾ ನೇತಾಡುತ್ತಿರುತ್ತದೆ. ಜನರ ಚೀಲದೊಳಗೆ ಏನೇನಿರುತ್ತದೆ ಅಂತ ನನ್ನನ್ನು ಕೇಳಿ. ಬೂಷ್ಟು ಹಿಡಿದ ಬಿಸ್ಕತ್ತು, ಕೂದಲು ಸುತ್ತಿಕೊಂಡ ಬಾಚಣಿಗೆ, ಮೂಗು ಒರೆಸಿ ನೀಟಾಗಿ ಮಡಿಸಿಟ್ಟ ಕಾಗದ. ಥೂ ಅನ್ನದೆ ದಿನ ಕಳೆದದ್ದೇ ಇಲ್ಲ. ನಮ್ಮನೆಯವರಿಗೆ ಆ ಮಾತೇ ಆಗದು. "ಏನೇ ಅದು, ಮಾತೆತ್ತಿದ್ರೆ ಥೂ ಥೂ ಅಂತೀಯ. ಬಾಯಿ ಒಳ್ಳೇದಿರಬೇಕು ಕಣೇ" ಅನ್ನುತ್ತಿದ್ದರು. ಅವರ ಬಾಯಿಂದ ಮಾತ್ರ ಮದುವೆಯಾದಾಗಿನಿಂದ ನಾನು ಆ ಶಬ್ದ ಕೇಳಿರಲಿಲ್ಲ.

ಅವರು ಮೂವತ್ತೆರಡು ವರ್ಷ ಲಿಫ್ಟ್ ನಡೆಸಿದವರು. ಒಂಬತ್ತು ಮಹಡಿಯ ಆಫೀಸು ಕಟ್ಟಡ, ಒಂದು ಮರದ ಸ್ಟೂಲು, ಎದುರಿಗೆ ಗುಂಡಿಗಳ ಸಾಲು. "ಎಷ್ಟನೇ ಮಹಡಿ ಸಾರ್?" ಅಂತ ಕೇಳುವುದು, ಒತ್ತುವುದು. ಹತ್ತಿದವರಲ್ಲಿ ಅರ್ಧಕ್ಕರ್ಧ ಜನ ಅವರ ಮುಖವನ್ನೂ ನೋಡದೆ ಬೆರಳು ತೋರಿಸುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಡಾಕ್ಟರು, "ಕೂತು ಕೂತು ಮೈ ಜಡ್ಡುಗಟ್ಟಿದೆ, ದಿನಾ ಬೆಳಿಗ್ಗೆ ನಡೀರಿ" ಅಂದರು. ಸರಿ, ಹತ್ತಿರದ ಮೈದಾನಕ್ಕೆ ಹೋಗತೊಡಗಿದರು. ಎರಡನೇ ದಿನವೇ ಮುಖ ಅರಳಿಸಿಕೊಂಡು ಬಂದರು.

"ಲೇ, ಯಾರು ಸಿಕ್ಕಿದ್ರು ಗೊತ್ತಾ? ನಮ್ಮ ಎಂಟನೇ ಮಹಡಿ ಇಂಜಿನಿಯರ್ ಸಾಹೇಬರು! ಆರನೇ ಮಹಡಿ ವಕೀಲರು! ಎಲ್ಲಾ ಸೇರಿ ಒಂದು ಬಳಗ ಮಾಡ್ಕೊಂಡಿದ್ದಾರೆ. ನನ್ನನ್ನ ನೋಡಿದ ತಕ್ಷಣ 'ಅರೆ, ನಮ್ಮ ಲಿಫ್ಟು!' ಅಂದ್ರು ಕಣೇ. ನಾಳೆಯಿಂದ ನೀನೂ ಬಾ ಅಂದ್ರು."

"ಹೆಸರಿಲ್ವಾ ನಿಮಗೆ? ಲಿಫ್ಟು ಅಂದ್ರೆ ಹಲ್ಲು ಬಿಟ್ಕೊಂಡು ಬಂದ್ರಾ?"

"ಪ್ರೀತಿಗೆ ಅಂತಾರೆ. ನಿನಗೆ ಎಲ್ಲದರಲ್ಲೂ ಕೊಂಕೇ."

ಬಳಗದವರು ಅವರಿಗೂ ಒಂದು ಹಸಿರು ಟೀ ಶರ್ಟು ಕೊಟ್ಟರು. ಜೇಬಿಲ್ಲದ್ದು. ಅಲ್ಲಿಂದಲೇ ಎಲ್ಲ ಕೆಟ್ಟದ್ದು.

ಯಾಕೆಂದರೆ ಇವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಚೀಟಿ ಇರುತ್ತಿತ್ತು. ಐದು ವರ್ಷದ ಹಿಂದೆ ಹಲ್ಲು ಕೀಳಿಸಿದಾಗ ನೋವಿಗೆ ಅಂತ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಎಲ್ಲರಿಗೂ ಕೊಡುವಂಥದ್ದೇ. ಇವರಿಗೆ ಮಾತ್ರ ಹತ್ತೇ ನಿಮಿಷದಲ್ಲಿ ತುಟಿ ಊದಿ, ಗಂಟಲು ಕಟ್ಟಿ, ಉಸಿರಿಗೆ ಒದ್ದಾಡಿಬಿಟ್ಟರು. ಬದುಕಿದ್ದೇ ಹೆಚ್ಚು. "ಇನ್ನೊಂದು ಸಲ ಈ ಇಂಜೆಕ್ಷನ್ ಕೊಟ್ರೆ ಉಳಿಯೋದು ಕಷ್ಟ. ಬರೆದು ಜೇಬಲ್ಲಿ ಇಟ್ಕೊಂಡಿರಿ" ಅಂದಿದ್ದರು ಡಾಕ್ಟರು. ನಾನೇ ಹೆಸರು, ನನ್ನ ಫೋನ್ ನಂಬರು, ಆ ಇಂಜೆಕ್ಷನ್ನಿನ ಹೆಸರು, ಕೊಡಲೇಬೇಡಿ ಅಂತ ದಪ್ಪಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ ಕೊಟ್ಟಿದ್ದೆ. ಹಸಿರು ಟೀ ಶರ್ಟು ಬಂದ ದಿನದಿಂದ ಆ ಚೀಟಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಅಂಗಿಯಲ್ಲೇ ಉಳಿಯಿತು.

"ಪ್ಯಾಂಟಿನ ಜೇಬಲ್ಲಿ ಇಟ್ಕೊಳ್ರೀ."

"ಈ ಪ್ಯಾಂಟಿಗೂ ಜೇಬಿಲ್ಲ ಕಣೇ. ಅಧ್ಯಕ್ಷರು ಹೇಳ್ತಾರೆ, ಜೇಬಿದ್ರೆ ಜೋತು ಬೀಳತ್ತಂತೆ, ನಡಿಗೆ ಕೆಡತ್ತಂತೆ."

ಅಧ್ಯಕ್ಷರು ಅಂದರೆ ಆ ಇಂಜಿನಿಯರ್ರು. ನಡೆಯುವುದಕ್ಕೂ ಒಬ್ಬ ಅಧ್ಯಕ್ಷ!

ಹೀಗಿರುವಾಗ ಊರಿನ ಇನ್ನೊಂದು ಕಡೆ ಓಡಲು ಹೋದ ಯಾರೋ ಒಬ್ಬರು ಕುಸಿದು ಬಿದ್ದು, ಜೇಬಿನಲ್ಲಿ ಒಂದು ಚೂರು ಕಾಗದವೂ ಇಲ್ಲದೆ, ಎರಡು ದಿನ ಆಸ್ಪತ್ರೆಯಲ್ಲಿ ಹೇಳುವವರು ಕೇಳುವವರಿಲ್ಲದೆ ಮಲಗಿದ್ದರಂತೆ. ಸುದ್ದಿ ಕೇಳಿ ಬಳಗದವರ ಎದೆ ನಡುಗಿತು. ಎಲ್ಲರೂ ಹೆಸರು, ರಕ್ತದ ಗುಂಪು, ಕಾಯಿಲೆ, ಮನೆಯ ನಂಬರು ಬರೆದ ಚೀಟಿ ಇಟ್ಟುಕೊಳ್ಳಬೇಕು ಅಂತ ತೀರ್ಮಾನವಾಯಿತು. ಒಳ್ಳೆಯದೇ. ಆದರೆ ಇಟ್ಟುಕೊಳ್ಳುವುದೆಲ್ಲಿ? ಜೇಬಿಲ್ಲವಲ್ಲ. ಮನೆ ಕೀಲಿಯನ್ನೇ ಅಷ್ಟು ದಿನ ಮುಷ್ಟಿಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದ ಮಹಾನುಭಾವರು. ಆಗ ಅಧ್ಯಕ್ಷರ ತಲೆಗೆ ಹೊಳೆಯಿತು: ಎಲ್ಲರ ಚೀಟಿ, ಎಲ್ಲರ ಕೀಲಿ ಒಂದೇ ಚೀಲದಲ್ಲಿ. ಒಬ್ಬರು ಹೊತ್ತರೆ ಉಳಿದವರು ಹಗುರ.

ಇವರು ಗೀಟು ಹಾಕಿದ ಹಾಳೆಯಲ್ಲಿ ಚಿತ್ರ ಬರೆಸಿಕೊಂಡು ಬಂದರು.

"ಲೇ, ಇದೊಂದು ಹೊಲಿದುಕೊಡೇ. ನಾಳಿದ್ದಿಗೆ ಬೇಕಂತೆ."

ನಾನು ಜೇಬು ಎಣಿಸಿದೆ. "ನೀವೂ ಸೇರಿ ಹನ್ನೆರಡು ಜನ ಅಲ್ವಾ? ಇಲ್ಲಿ ಹನ್ನೊಂದೇ ಬರೆದಿದ್ದಾರೆ."

"ಅಯ್ಯೋ, ಚೀಲವೇ ನನ್ನ ಸೊಂಟದಲ್ಲಿರತ್ತಲ್ಲೇ. ನನ್ನ ಚೀಟಿ ಬೇರೆ ಯಾಕೆ?"

"ನೀವೇ ಬಿದ್ರೆ?"

"ನಾನ್ಯಾಕೆ ಬೀಳ್ತೀನಿ? ಮುಂದೆ ಎಲ್ಲರೂ ಇರ್ತಾರಲ್ಲ, ನೋಡ್ಕೋತಾರೆ."

"ದಿನಾ ನೀವೇ ಹೊರಬೇಕಾ?"

"ಸರದಿ ಮೇಲೆ ಕಣೇ. ಮೊದಲನೇ ವಾರ ನಂದು."

ನನಗೆ ಮೈಯೆಲ್ಲ ಉರಿಯಿತು. ಮೂವತ್ತೆರಡು ವರ್ಷ ಅವರನ್ನು ಹೊತ್ತು ಹತ್ತಿಸಿ ಇಳಿಸಿದ್ದು ಸಾಲದೆ? ಹಟ ಬಂತು. ಹನ್ನೊಂದು ಅಂದರಲ್ಲ, ಹನ್ನೊಂದೇ ಇರಲಿ, ಕಣ್ಣಿಗೆ ಹೊಡೆಯುವ ಹಾಗಿರಲಿ, ನಾಳೆ ಬಿಚ್ಚಿ ನೋಡಿದಾಗ ತಾನು ಅದರಲ್ಲಿಲ್ಲ ಅಂತ ಇವರಿಗೇ ತಿಳಿಯಲಿ ಅಂತ ಹಲ್ಲು ಕಚ್ಚಿಕೊಂಡು ಹೊಲಿದೆ. ಬಟ್ಟೆ ಮಿಕ್ಕಿತ್ತು, ಸರಿಯಾಗಿ ಒಂದು ಅಂಗೈಯಗಲ. ಹನ್ನೆರಡನೆಯ ಜೇಬಿಗೆ ಹೇಳಿ ಮಾಡಿಸಿದಂತಿತ್ತು. ಅದನ್ನು ಮೆಷಿನ್ನಿನ ಎಣ್ಣೆ ಒರೆಸಲು ಇಟ್ಟುಕೊಂಡೆ.

ಇವರಿಗೆ ಏನೂ ತಿಳಿಯಲಿಲ್ಲ. ಸೊಂಟಕ್ಕೆ ಬಿಗಿದುಕೊಂಡು ಕನ್ನಡಿಯ ಮುಂದೆ ನಿಂತು, "ಭಲೇ, ಗಟ್ಟಿಯಾಗಿದೆ" ಅಂದರು. ಮೊದಲನೇ ವಾರ ಮುಗಿಯಿತು, ಎರಡನೆಯದೂ ಮುಗಿಯಿತು. ಎಂಟು ತಿಂಗಳಾದರೂ ಸರದಿ ಮುಂದಕ್ಕೆ ಸರಿಯಲಿಲ್ಲ. ಸಾಲದ್ದಕ್ಕೆ ದಿನಾ ನಸುಕಿನಲ್ಲಿ ಅಧ್ಯಕ್ಷರ ಮನೆ ಬಾಗಿಲಿಗೆ ಹೋಗಿ ಅವರನ್ನು ಎಬ್ಬಿಸುವ ಕೆಲಸವೂ ಇವರದೇ ಆಯಿತು. ಅವರ ಹೆಂಡತಿ ಬಾಗಿಲು ತೆರೆದು, ಗಂಡನ ನೀರಿನ ಬಾಟಲಿಯನ್ನು ಇವರ ಕೈಗೆ ಕೊಡುತ್ತಿದ್ದರಂತೆ. ಎಂಟು ತಿಂಗಳು, ದಿನಾ. ಇದನ್ನು ನೆನಪಿಟ್ಟುಕೊಳ್ಳಿ.

ಆ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ. ಎದುರಿಗೆ ಹಸಿರು ಟೀ ಶರ್ಟಿನ ಇಬ್ಬರು ಬಂದು ನಿಂತರು. ಅಧ್ಯಕ್ಷರು, ವಕೀಲರು. ಅಧ್ಯಕ್ಷರ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಏನಮ್ಮಾ, ಎಲ್ಲಿ ನಿನ್ನ ಗಂಡ?"

"ನಿಮ್ಮ ಜೊತೆಗೇ ಬಂದಿದ್ರಲ್ಲ?"

"ನಮ್ಮ ಜೊತೆ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ? ಮನೆಗೆ ಹೋದ್ರೆ ಬೀಗ, ಹೆಂಡ್ತಿನೂ ಇಲ್ಲ. ನನ್ನ ಕೀ ಅವನ ಹತ್ರ. ಇವರ ಕೀನೂ ಅವನ ಹತ್ರ. ಹನ್ನೊಂದು ಮನೆ ಕೀ ತಗೊಂಡು ಎಲ್ಲಿಗೆ ಹೋದ ಅಂತ ನಾವು ಕೇಳಬಾರದಾ?"

"ಅಲ್ಲ, ನಾವೇನೂ ಅನುಮಾನ ಪಡ್ತಿಲ್ಲ" ಅಂದರು ವಕೀಲರು. ಅನುಮಾನ ಪಟ್ಟವರೇ ಹೇಳುವ ಮಾತು ಅದು.

"ಕೊನೇ ಸಲ ಎಲ್ಲಿ ನೋಡಿದ್ರಿ ಅವರನ್ನ?"

"ಎರಡನೇ ಸುತ್ತಲ್ಲಿ ಹಿಂದೆ ಬಿದ್ದ. ದಿನಾ ಹಾಗೇನೇ ಅವನು, ತೆವಳ್ತಾನೆ. ಎಲ್ಲೋ ಕೂತಿರ್ತಾನೆ ಅಂದ್ಕೊಂಡು ನಾವು ಸುತ್ತು ಮುಗಿಸಿ ಕಾಫಿ ಕುಡಿಯೋಕೆ ಕೂತ್ವಿ."

"ಮೈದಾನದಲ್ಲಿ ಏನೂ ಆಗ್ಲಿಲ್ವಾ?"

ಅಧ್ಯಕ್ಷರು ವಕೀಲರ ಮುಖ ನೋಡಿದರು. ವಕೀಲರು ಗಂಟಲು ಸರಿಮಾಡಿಕೊಂಡರು. "ಆ ಕೊನೇಲಿ ಯಾರೋ ಬಿದ್ದಿದ್ರು ಅನ್ಸತ್ತೆ. ಜನ ಸೇರಿದ್ರು. ಆಂಬುಲೆನ್ಸ್ ಬಂತು. ನಮಗ್ಯಾಕೆ ಅಂತ..."

ನಮಗ್ಯಾಕೆ! ಕುಸಿದು ಬಿದ್ದವರಿಗೆ ಹೇಳುವವರು ಕೇಳುವವರಿಲ್ಲ ಅನ್ನುವ ಭಯಕ್ಕೆ ಚೀಲ ಹೊಲಿಸಿಕೊಂಡ ಜನ, ಕಣ್ಣೆದುರಿಗೆ ಒಬ್ಬ ಬಿದ್ದರೆ ಕಾಫಿ ಲೋಟ ಕೆಳಗಿಡಲಿಲ್ಲ.

ನಾನು ನನ್ನ ಫೋನನ್ನು ಅಧ್ಯಕ್ಷರ ಕೈಗೆ ತುರುಕಿದೆ. "ನಿಮ್ಮ ಹೆಂಡ್ತಿಗೆ ಮಾಡಿ. ಅವರ್ಯಾಕೆ ಮನೇಲಿಲ್ಲ ಕೇಳಿ. ಮೊದಲು ಕೇಳಿ!"

ಅವರು ಮಾಡಿದರು. ಆ ಕಡೆಯ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಅಯ್ಯೋ, ನೀವೇನಾ? ನೀವು ಬಿದ್ದಿದ್ದೀರ ಅಂತ ಆಸ್ಪತ್ರೆಯಿಂದ ಫೋನ್ ಬಂತು ಕಣ್ರೀ, ಜೀವ ಹೋದ ಹಾಗಾಯ್ತು. ಓಡಿ ಬಂದು ನೋಡಿದ್ರೆ ನೀವಲ್ಲ! ಯಾರೋ ಒಬ್ಬ, ನಿಮ್ಮ ಚೀಟಿ ಇಟ್ಕೊಂಡು ಮಲಗಿದ್ದಾನೆ. ಯಾರೋ ಏನೋ, ನನಗಂತೂ ಗೊತ್ತಿಲ್ಲ ಅಂದೆ. ಸದ್ಯ, ದೇವರು ದೊಡ್ಡವನು. ನಾನು ಕಾರಲ್ಲಿದ್ದೀನಿ, ಬರ್ತಾ ಇದ್ದೀನಿ."

ಯಾರೋ ಏನೋ. ಅದೇ ಬೆಳಿಗ್ಗೆ ನೀರಿನ ಬಾಟಲಿ ಕೊಟ್ಟ ಕೈಗಳು ಅವು. ಎಂಟು ತಿಂಗಳು ಬಾಗಿಲು ತೆರೆದವಳು ಒಂದು ದಿನವೂ ಕತ್ತೆತ್ತಿ ಆ ಮುಖ ನೋಡಿರಲಿಲ್ಲ.

ಅಧ್ಯಕ್ಷರಿಗೆ ಈಗ ಅರ್ಥವಾಗಿತ್ತು. ಆದರೂ ಅವರ ಬಾಯಿಂದ ಮೊದಲು ಬಂದದ್ದು, "ಓ, ಹಾಗಾದ್ರೆ ಚೀಲ ಆಸ್ಪತ್ರೆಯಲ್ಲಿದೆ" ಅನ್ನುವ ಮಾತು. ವಕೀಲರು ನಿಟ್ಟುಸಿರು ಬಿಟ್ಟರು.

"ಥೂ ನಿಮ್ಮ!" ಅಂದೆ. ಮುಂದಿನದನ್ನು ಇಲ್ಲಿ ಬರೆಯಲಾಗದು. ಫೋನ್ ಕಿತ್ತುಕೊಂಡು ಕೂಗಿದೆ. "ಆಸ್ಪತ್ರೆಗೆ ಫೋನ್ ಮಾಡಿ ಹೇಳಿ, ಅವರಿಗೆ ನೋವಿನ ಇಂಜೆಕ್ಷನ್ ಕೊಡಬೇಡಿ ಅಂತ ಹೇಳಿ! ಸತ್ತುಹೋಗ್ತಾರೆ!" ಆ ಕಡೆಯವರು, "ನೀವ್ಯಾರಮ್ಮಾ?" ಅಂದರು. ಎರಡು ಸಲ ಹೇಳಿದರೂ ಅದನ್ನೇ ಕೇಳಿದರು. ನಾನು ಫೋನ್ ಕಟ್ ಮಾಡಿ, ಬಾಗಿಲ ಹಿಂದಿನ ಅಂಗಿಯಿಂದ ಕೆಂಪು ಚೀಟಿ ಎಳೆದುಕೊಂಡು ಓಡಿದೆ. ಶಟರ್ ತೆರೆದೇ ಇತ್ತು.

ಹತ್ತಿರಕ್ಕೆ ಇರುವ ಆಸ್ಪತ್ರೆ ಒಂದೇ, ಮೈದಾನದ ಆಚೆಗೆ ಎರಡು ರಸ್ತೆ ದಾಟಿದರೆ ಸಿಗುತ್ತದೆ. ಬರಿಗಾಲಲ್ಲಿ ಓಡಿದ್ದೇನೆ ಅಂತ ತಿಳಿದದ್ದು ತುರ್ತು ವಿಭಾಗದ ತಣ್ಣನೆ ನೆಲ ಮುಟ್ಟಿದಾಗ. ಅಲ್ಲಿ ಒಬ್ಬ ನರ್ಸಮ್ಮ ಕುಳಿತು ಫೋನಿನಲ್ಲಿ ಹೇಳುತ್ತಿದ್ದಳು: "ನಿಮ್ಮ ಯಜಮಾನರು ಮೈದಾನದಲ್ಲಿ ಬಿದ್ದಿದ್ದಾರೆ ಅನ್ಸತ್ತೆ, ಬಂದು ಗುರುತು ಹಿಡೀರಿ." ಅವಳ ಮೇಜಿನ ಮೇಲೆ ನನ್ನ ಬೂದು ಚೀಲ ಬಾಯಿ ಅಗಲಿಸಿಕೊಂಡು ಬಿದ್ದಿತ್ತು. ಒಂದು, ಎರಡು, ಮೂರು, ನಾಲ್ಕನೆಯ ಜೇಬಿಗೆ ಬಂದಿದ್ದಳು. ಹನ್ನೊಂದರ ತನಕ ಹೋಗಿದ್ದರೂ ಅವಳಿಗೆ ನಾನು ಸಿಗುತ್ತಿರಲಿಲ್ಲ.

ನಾನು ಕೆಂಪು ಚೀಟಿಯನ್ನು ಅವಳ ಮುಖಕ್ಕೆ ಹಿಡಿದೆ. ಅವಳು ಓದಿದಳು. ಅವಳ ಕೈಯಿಂದ ಫೋನು ಕೆಳಗಿಳಿಯಿತು.

"ಕೊಟ್ಬಿಟ್ರಾ?" ಅಂದೆ.

"ಮಣಿಕಟ್ಟು ಮುರಿದಿತ್ತಮ್ಮ. ಕಲ್ಲಿಗೆ ತಲೆ ಹೊಡೆದು ಎಚ್ಚರವೂ ಸರಿ ಇರಲಿಲ್ಲ, ನೋವಿಗೆ ಮುಲುಗ್ತಾ ಇದ್ರು. ಮೊದಲನೇ ಚೀಟಿ ನೋಡಿದ್ವಿ. ಯಾವ ಔಷಧಿಯೂ ತೊಂದರೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು."

ಅಧ್ಯಕ್ಷರ ಚೀಟಿ ಅದು. ಅವರಿಗೆ ಯಾವ ಔಷಧಿಯೂ ತೊಂದರೆ ಇಲ್ಲ. ಅವರಿಗೆ ಯಾವುದೂ ತೊಂದರೆ ಇಲ್ಲ.

ಗಾಜಿನ ಬಾಗಿಲಿನಾಚೆ ಇವರನ್ನು ನೋಡಿದೆ. ಅಧ್ಯಕ್ಷರ ಹೆಂಡತಿ ನೋಡಿಹೋದ ಮೇಲೆ ಊದಿಕೊಂಡದ್ದಂತೆ, ಈಗ ಮುಖ ಗುರುತು ಸಿಗದಂತಾಗಿತ್ತು. ಬಾಯಿಂದ ಒಂದು ಕೊಳವೆ ಇಳಿಬಿಟ್ಟಿದ್ದರು. ಹಸಿರು ಟೀ ಶರ್ಟನ್ನು ನಡುವೆ ಕತ್ತರಿಸಿ ಎರಡು ಪಕ್ಕಕ್ಕೆ ಸರಿಸಿದ್ದರು. ಡಾಕ್ಟರು ಬಂದು, "ಉಸಿರು ನಿಲ್ಲೋ ಮೊದಲೇ ಕೊಳವೆ ಹಾಕಿದ್ವಿ. ಇವತ್ತು ದಾಟಿದ್ರೆ ಉಳೀತಾರೆ" ಅಂದರು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ. ಅಂಗೈಯಗಲದ ಆ ಬಟ್ಟೆ ಚೂರು ಕಣ್ಣ ಮುಂದೆ ಬಂತು. ನನ್ನ ಹಟವನ್ನು ನೆನೆದು ನನ್ನ ಮೇಲೆಯೇ ಹೇಸಿಗೆಯಾಯಿತು.

ಅರ್ಧ ಗಂಟೆಯಲ್ಲಿ ಬಳಗ ಬಂತು. ಹನ್ನೊಂದರಲ್ಲಿ ಒಂಬತ್ತು ಜನ. ನೋಡಲು ಬಂದರು ಅಂತ ಒಂದು ಕ್ಷಣ ಅಂದುಕೊಂಡೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಅವರು ನೇರವಾಗಿ ನರ್ಸಮ್ಮನ ಮೇಜಿನ ಸುತ್ತ ನಿಂತರು.

"ಆ ನೀಲಿ ದಾರದ್ದು ನಂದು."

"ಸಿಸ್ಟರ್, ಹುಷಾರು, ನನ್ನದರಲ್ಲಿ ಎರಡು ಕೀ ಇದೆ."

"ಅಯ್ಯೋ, ಚೀಟಿಗೆ ರಕ್ತ ಆಗಿದೆಯಲ್ರೀ. ಇದನ್ನ ಹೇಗೆ ಮುಟ್ಟೋದು?"

ಅಧ್ಯಕ್ಷರ ಚಿಂತೆ ಬೇರೆಯೇ ಇತ್ತು. "ನೋಡಿ ಸಿಸ್ಟರ್, ನಿಮ್ಮ ಫೈಲಲ್ಲಿ ನನ್ನ ಹೆಸರಿದೆ. ಮೊದಲು ಅದನ್ನ ಹೊಡೆದು ಹಾಕಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸತ್ತಿದ್ದು ನಾನು ಅಂತಾಗಿಬಿಡತ್ತೆ."

ಹಿಂದಿನಿಂದ ಒಬ್ಬರು ಮೆಲ್ಲಗೆ, "ಲಿಫ್ಟು ಇವತ್ತು ನಿಮ್ಮ ಹೆಸರಲ್ಲೇ ಮೇಲಕ್ಕೆ ಹೋಗಿಬಿಡ್ತಿತ್ತು ಸಾರ್" ಅಂದರು. ಇಬ್ಬರು ನಕ್ಕರು. ಕಿಸಕ್ಕನೆ ಅಲ್ಲ, ಬಾಯಿ ತುಂಬ. ಗಾಜಿನಾಚೆ ಕೊಳವೆ ಹಾಕಿಸಿಕೊಂಡ ಮನುಷ್ಯ, ಈಚೆ ಈ ನಗು.

ನಾನು ಎದ್ದು ಹೋಗಿ ಚೀಲವನ್ನು ಎತ್ತಿಕೊಂಡೆ. ಅದನ್ನು ಅಲ್ಲೇ ಕತ್ತರಿಸಿ ಹಾಕಬೇಕಿತ್ತು, ಕತ್ತರಿ ಕೊರಳಲ್ಲೇ ಇತ್ತು. ಆದರೆ ಅದನ್ನು ಮುಟ್ಟಿಕೊಂಡಿರಲೂ ಅಸಹ್ಯವಾಯಿತು. ಅಧ್ಯಕ್ಷರ ಎದೆಗೆ ಎಸೆದು, "ತಗೊಂಡು ತೊಲಗಿ" ಅಂದೆ. ಅವರು ಜಿಪ್ಪು ಎಳೆದು, ಎಲ್ಲ ಸರಿಯಾಗಿದೆಯೇ ನೋಡಿಕೊಂಡು ಹೋದರು. ಗಾಜಿನ ಬಾಗಿಲಿನ ಹತ್ತಿರ ಒಬ್ಬರೂ ಬರಲಿಲ್ಲ.

ಇವರು ಉಳಿದರು. ಐದನೇ ದಿನ ಕೊಳವೆ ತೆಗೆದರು. ಗಂಟಲು ಗೀರಿಹೋಗಿ ಧ್ವನಿಯೇ ಇರಲಿಲ್ಲ. ತುಟಿ ಅಲ್ಲಾಡಿಸಿ ಏನೋ ಕೇಳಿದರು. ಕಿವಿ ಹತ್ತಿರ ಒಯ್ದೆ.

"ಸಾಹೇಬರ ಕೀ ಎಲ್ಲಾ ತಲುಪಿಸಿದ್ಯಾ?"

ಇಷ್ಟು ವರ್ಷದ ಸಂಸಾರದಲ್ಲಿ ಅವರನ್ನು ಹೊಡೆಯಬೇಕು ಅನ್ನಿಸಿದ್ದು ಅದೇ ಮೊದಲು. ಎದ್ದು ಕಿಟಕಿಯ ಹತ್ತಿರ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ಮನೆಗೆ ಬಂದ ಮೇಲೂ ಹಾಗೇ. ಬಾಗಿಲು ಸದ್ದಾದರೆ ಕತ್ತೆತ್ತುತ್ತಿದ್ದರು, ಬಳಗದವರು ಬಂದರೇನೋ ಅಂತ. ಎರಡು ತಿಂಗಳಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ. ಬಂದವಳು ಒಬ್ಬಳೇ, ಮೈದಾನ ಗುಡಿಸುವಾಕೆ. ತಲೆಗೆ ಬಟ್ಟೆ ಕಟ್ಟಿಕೊಂಡ ಗಟ್ಟಿ ಹೆಂಗಸು. ಆ ದಿನ ಇವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಂಬುಲೆನ್ಸ್ ಕರೆಸಿದವಳು ಅವಳೇ ಅಂತ ಆಗ ತಿಳಿಯಿತು.

"ಇವರು ಲಿಫ್ಟಣ್ಣ ಅಂತ ಹೇಳ್ದೆ ಅಮ್ಮ, ಆಂಬುಲೆನ್ಸಿನೋರಿಗೆ. ಅದೇನು ಹೆಸರೇ ಅಂತ ನಕ್ಬಿಟ್ರು. ಚೀಲ ನೋಡಿದ್ರು, ಚೀಟಿ ಇತ್ತು, ಸರಿ ಅಂತ ಹೊರಟ್ರು. ನನಗೆ ಬೇರೆ ಹೆಸರು ಗೊತ್ತಿರ್ಲಿಲ್ಲ, ಏನ್ಮಾಡ್ಲಿ?"

ಹನ್ನೊಂದು ಜನರ ನಡುವೆ ಓಡಾಡಿದ ಮನುಷ್ಯನನ್ನು ಗುರುತು ಹಿಡಿದವಳು ಪೊರಕೆ ಹಿಡಿದವಳೊಬ್ಬಳೇ. ಅವಳಿಗೆ ಕಾಫಿ ಕೊಟ್ಟು, ಕೈ ಹಿಡಿದುಕೊಂಡು ಕುಳಿತೆ. ಇವರು ಮಾತ್ರ ಪಿಸುಗುಟ್ಟುವ ಧ್ವನಿಯಲ್ಲಿ, "ಸಾಹೇಬರೆಲ್ಲ ಚೆನ್ನಾಗಿದ್ದಾರಾ?" ಅಂತ ಕೇಳಿದರು. ಅವಳು ನನ್ನ ಮುಖ ನೋಡಿ, "ನಡೀತಾ ಇದ್ದಾರಣ್ಣ" ಅಂದಳು.

ಮತ್ತೆ ನಡೆಯಿರಿ ಅಂದರು ಡಾಕ್ಟರು. ಒಂಟಿಯಾಗಿ ಕಳಿಸುವ ಮಾತೇ ಇರಲಿಲ್ಲ. ಎಣ್ಣೆ ಒರೆಸುವ ಬಟ್ಟೆ ಚೂರನ್ನು ಹುಡುಕಿ ಮೂರು ಸಲ ತೊಳೆದೆ. ಕಲೆ ಪೂರ್ತಿ ಹೋಗಲಿಲ್ಲ. ಇವರ ಬಿಳಿ ಟೀ ಶರ್ಟಿನ ಎದೆಗೆ ಅದನ್ನೇ ಜೇಬಾಗಿ ಹೊಲಿದು, ಕೆಂಪು ಚೀಟಿಯನ್ನು ಅದರಲ್ಲಿ ಇಟ್ಟೆ.

"ಈ ಕೊಳಕು ಬಟ್ಟೆ ಯಾಕೇ? ಬೇರೆ ಸಿಗಲಿಲ್ವಾ?"

"ಇದೇ ಆಗಬೇಕು. ಹಾಕ್ಕೊಳ್ಳಿ."

ಬೆಳಿಗ್ಗೆ ಏಳಕ್ಕೆ ಇಬ್ಬರೂ ಹೊರಟೆವು. ಇವರ ಎಡಗೈ ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಮೈದಾನದ ಗೇಟು ದಾಟಿದಾಗ ಇವರ ಕಣ್ಣು ಎಲ್ಲ ಕಡೆ ಹುಡುಕುತ್ತಿತ್ತು, ಹಸಿರು ಬಣ್ಣವನ್ನು. ಬಳಗ ಆಚೆ ಕೊನೆಯಲ್ಲಿ ಗುಂಪಾಗಿ ಹೋಗುತ್ತಿತ್ತು. ಈಚೆ, ಮರದ ಬುಡದಲ್ಲಿ, ಗುಡಿಸುವಾಕೆ ಎಲೆ ರಾಶಿ ಮಾಡುತ್ತಿದ್ದಳು. ನಮ್ಮನ್ನು ನೋಡಿ ನಕ್ಕು ಬೆನ್ನು ನೆಟ್ಟಗೆ ಮಾಡಿದಳು.

ಅವಳ ಸೊಂಟದಲ್ಲಿ ಬೂದು ಚೀಲವಿತ್ತು. ನನ್ನ ಹೊಲಿಗೆ ನನಗೆ ಗೊತ್ತಾಗದೆ?

ಇವರೂ ನೋಡಿದರು. ಮುಖ ಇಳಿದುಹೋಯಿತು. "ಅದು ನನ್ನ ಚೀಲ" ಅಂದರು, ಸಿಕ್ಕೀ ಸಿಗದ ಆ ಗೊಗ್ಗರು ಧ್ವನಿಯಲ್ಲಿ. ಕೆಲಸ ಕಳೆದುಕೊಂಡವರ ಹಾಗೆ ನಿಂತುಬಿಟ್ಟರು. ಇಷ್ಟಾದ ಮೇಲೂ! ಸಾವಿನ ಬಾಯಿಗೆ ಹೋಗಿ ಬಂದ ಮೇಲೂ ಇವರಿಗೆ ಆ ಚೀಲ ತಪ್ಪಿಹೋದ ದುಃಖವೇ! ಇವರನ್ನು ಅಲ್ಲೇ ಬಿಟ್ಟು ಮನೆಗೆ ಹೋಗೋಣ ಅನ್ನಿಸಿತು ನನಗೆ.

"ಯಾವಾಗಿಂದ?" ಅಂತ ಅವಳನ್ನು ಕೇಳಿದವಳು ನಾನು.

"ಒಂದು ತಿಂಗಳಾಯ್ತಮ್ಮ. ಹೇಗಿದ್ರೂ ನೀನು ದಿನಾ ಇಲ್ಲೇ ಇರ್ತೀಯಲ್ಲ, ಇಟ್ಕೊಂಡಿರು ಅಂದ್ರು. ಸರದಿ ಮೇಲೆ ಅಂತೆ."

ಇವರು ಅವಳ ಕಡೆ ಎರಡು ಹೆಜ್ಜೆ ಹೋದರು. ಬಗ್ಗಿ ಚೀಲದ ಜಿಪ್ಪು ಎಳೆದರು. ಒಳಗಿನ ಜೇಬುಗಳ ಮೇಲೆ ಬೆರಳಾಡಿಸಿದರು, ಒಂದೊಂದಾಗಿ, ಲಿಫ್ಟಿನ ಗುಂಡಿಗಳನ್ನು ಮುಟ್ಟುತ್ತಿದ್ದ ಹಾಗೆ. ಹನ್ನೊಂದಕ್ಕೆ ಬಂದು ಬೆರಳು ನಿಂತಿತು.

"ನಿನ್ನ ಚೀಟಿ ಎಲ್ಲಮ್ಮ?"

"ನಂದಾ?" ಅವಳಿಗೆ ನಗು ಬಂತು. "ಚೀಲವೇ ನನ್ನ ಸೊಂಟದಲ್ಲಿದೆಯಲ್ಲಣ್ಣ. ನಂದು ಬೇರೆ ಯಾಕೆ?"

ಇವರ ಕೈ ತಾನಾಗಿ ಎದೆಯ ಮೇಲಿನ ಕಲೆಯ ಜೇಬಿಗೆ ಹೋಯಿತು. ಅದನ್ನು ಎರಡು ಸಲ ಸವರಿದರು. ಅದು ಯಾವ ಬಟ್ಟೆ ಅಂತ ಆಗ ತಿಳಿಯಿತೋ ಏನೋ, ತಿರುಗಿ ನನ್ನ ಮುಖ ನೋಡಿದರು. ನನಗೆ ತಲೆ ಎತ್ತಲಾಗಲಿಲ್ಲ.

"ಕತ್ತರಿ ಕೊಡೇ" ಅಂದರು.

ಕೊರಳಿನ ದಾರ ತೆಗೆದು ಕೊಟ್ಟೆ. ಗುಡಿಸುವಾಕೆ ಏನು ಎತ್ತ ಅಂತ ಕೇಳದೆ ಪಟ್ಟಿ ಸಡಿಲಿಸಿ ಚೀಲವನ್ನು ಇವರ ಕೈಗಿಟ್ಟಳು. ಇವರು ಪಟ್ಟಿಗೆ ಕತ್ತರಿ ಹಾಕಿದರು. ದಪ್ಪ ಬಟ್ಟೆ, ಜಗ್ಗಲಿಲ್ಲ. ಎಡಗೈಗೆ ಹಿಡಿತವೂ ಇರಲಿಲ್ಲ.

"ಅಲ್ಲಲ್ಲ ಕಣ್ರೀ" ಅಂದೆ. "ತಳದಲ್ಲಿ, ಈ ಗಂಟು. ಇದನ್ನ ಕತ್ತರಿಸಿ ಎಳೀರಿ."

ಕತ್ತರಿಸಿ ಎಳೆದರು. ಹೊಲಿಗೆ ಸರಸರನೆ ಬಿಚ್ಚಿಕೊಂಡಿತು. ಹನ್ನೊಂದು ಚೀಟಿ, ಹದಿನಾಲ್ಕೋ ಹದಿನೈದೋ ಕೀಲಿ ಎಲೆ ರಾಶಿಯ ಮೇಲೆ, ದೂಳಿನಲ್ಲಿ ಸುರಿದವು.

ಅಷ್ಟರಲ್ಲಿ ಬಳಗ ಸುತ್ತು ಮುಗಿಸಿ ಬಂತು. ಮುಂದೆ ಅಧ್ಯಕ್ಷರು. "ಓಹೋ, ಲಿಫ್ಟು! ಬಂದ್ಯಾ?" ಅಂದವರು ನೆಲ ನೋಡಿ ಗಕ್ಕನೆ ನಿಂತರು. "ಏಯ್, ಏನಿದು? ತಲೆ ಕೆಟ್ಟಿದೆಯೇನೋ? ಎತ್ತಿಡು ಎಲ್ಲಾ!"

ಇವರ ಬೆನ್ನು ಬಗ್ಗುತ್ತದೆ ಅಂತಲೇ ನಾನು ಕಾದೆ. ಮೂವತ್ತೆರಡು ವರ್ಷದ ಅಭ್ಯಾಸ ಅದು. ಬಗ್ಗಲಿಲ್ಲ. ಹರಿದ ಗಂಟಲಿನಿಂದ ಧ್ವನಿಯನ್ನು ಎಳೆದು ಎಳೆದು ಹೇಳಿದರು.

"ಅವರವರದ್ದು ಅವರವರು ಎತ್ಕೊಳ್ಳಿ ಸಾರ್."

"ಏನಂದೆ?"

ಇವರು ಅಧ್ಯಕ್ಷರ ಮುಖವನ್ನು ನೋಡಿದರು, ಆಮೇಲೆ ವಕೀಲರದು, ಆಮೇಲೆ ಒಬ್ಬೊಬ್ಬರದಾಗಿ ಹನ್ನೊಂದು ಜನರದೂ. ಖಾಲಿ ಚೀಲವನ್ನು ಎಲೆ ರಾಶಿಯ ಮೇಲೆ ಎಸೆದರು.

"ಥೂ" ಅಂದರು.

ಸಣ್ಣ ಸದ್ದು, ಗಾಳಿಯೇ ಹೆಚ್ಚು. ಆದರೆ ಎಲ್ಲರಿಗೂ ಕೇಳಿಸಿತು. ಆಮೇಲೆ ಒಬ್ಬರು ಮೆಲ್ಲಗೆ ಬಗ್ಗಿ ಎಲೆ ಸರಿಸತೊಡಗಿದರು. ಅವರ ಹಿಂದೆಯೇ ಇನ್ನೊಬ್ಬರು. ನೀಲಿ ದಾರದ ಕೀಲಿ ಯಾರದು ಅಂತ ಇಬ್ಬರು ಎಳೆದಾಡಿದರು. ಗುಡಿಸುವಾಕೆ ಪೊರಕೆಯ ಮೇಲೆ ಗಲ್ಲ ಊರಿ ನೋಡುತ್ತ ನಿಂತಳು.

ಇವರು ಕತ್ತರಿಯನ್ನು ಒರೆಸಿ ನನ್ನ ಕೊರಳಿಗೆ ಹಾಕಿದರು. "ನಾಳೆ ಈಯಮ್ಮನಿಗೂ ಒಂದು ಜೇಬು ಹೊಲಿದುಕೊಡು" ಅಂದರು. ಆಮೇಲೆ ನನ್ನ ತೋಳು ಹಿಡಿದುಕೊಂಡು ನಿಧಾನವಾಗಿ ಮೊದಲನೇ ಸುತ್ತು ಶುರು ಮಾಡಿದರು.